ಮಾತು ದಾಟಿಸಿದವಳಿಗೆ ದ್ರೋಹಿಯ ಪಟ್ಟ

ಮೆಕ್ಸಿಕೋದಲ್ಲಿ ತಮ್ಮದನ್ನು ಹೀಗಳೆದು ವಿದೇಶದ್ದಕ್ಕೆ ಮರುಳಾಗುವವರನ್ನು 'ಮಲಿಂಚಿಸ್ತಾ' ಎಂದು ಹಳಿಯುತ್ತಾರೆ. ಈ ಬೈಗುಳ ಹುಟ್ಟಿದ್ದು ಒಬ್ಬ ಹೆಣ್ಣುಮಗಳ ಹೆಸರಿನಿಂದ. ಅವಳು ಮಾಲಿಂಚೆ. ಅಷ್ಟಕ್ಕೂ ಅವಳು ಮಾಡಿದ ತಪ್ಪೇನು?

1519ರಲ್ಲಿ ಸ್ಪೇನಿನ ಹೆರ್ನಾನ್ ಕೊರ್ತೆಸ್ ಸುಮಾರು ಐನೂರು ಸೈನಿಕರೊಂದಿಗೆ ಮೆಕ್ಸಿಕೋದ ಕರಾವಳಿಗೆ ಬಂದಿಳಿದ. ತಬಾಸ್ಕೋ ಎಂಬಲ್ಲಿ ಯುದ್ಧದಲ್ಲಿ ಸೋತವರು ಅವನಿಗೆ ಚಿನ್ನ, ಬಟ್ಟೆಗಳ ಜೊತೆ 20 ಮಂದಿ ಸ್ತ್ರೀಯರನ್ನೂ ಕಾಣಿಕೆಯಾಗಿ ಒಪ್ಪಿಸಿದರು. ಅವರಲ್ಲೊಬ್ಬಳು ಈ ಗುಲಾಮ ಯುವತಿ. ಸ್ಪೇನಿನವರು ಅವಳಿಗೆ 'ಮರೀನಾ' ಎಂದು ಹೆಸರಿಟ್ಟರು. ಅವಳಿಗೆ ಮಾಯಾ ಭಾಷೆಯೂ ಅಸ್ತೆಕರ ನಾವಾತಲ್ ಭಾಷೆಯೂ ಬರುತ್ತಿತ್ತು. ಕೊರ್ತೆಸನ ಮಾತನ್ನು ಅಗಿಲಾರ್ ಎಂಬವನು ಮಾಯಾ ಭಾಷೆಗೆ ತರುತ್ತಿದ್ದ, ಇವಳು ಅದನ್ನು ನಾವಾತಲ್‌ನಲ್ಲಿ ಹೇಳುತ್ತಿದ್ದಳು. ಮುಂದೆ ಸ್ಪ್ಯಾನಿಷ್ ಭಾಷೆಯನ್ನೂ ಕಲಿತಳು. 1522ರ ಹೊತ್ತಿಗೆ ಕೊರ್ತೆಸನ ಮಗ ಮಾರ್ತಿನ್‌ನ ತಾಯಿಯಾದಳು. ಆದರೂ 1524ರಲ್ಲಿ ಅವಳ ಮದುವೆ ಬೇರೊಬ್ಬ ಸ್ಪ್ಯಾನಿಷ್ ಅಧಿಕಾರಿಯೊಂದಿಗೆ ನಡೆಯಿತು.

ಕೊರ್ತೆಸ್ ತನ್ನ ದೊರೆಗೆ ಉದ್ದುದ್ದ ಪತ್ರಗಳನ್ನು ಬರೆದ. ಅವುಗಳಲ್ಲಿ ಎಲ್ಲ ಕೀರ್ತಿಯೂ ಅವನಿಗೇ. ಇವಳ ಪ್ರಸ್ತಾಪ ತೀರಾ ವಿರಳ. ಆದರೆ ಅವನ ಸೈನಿಕ ಬೆರ್ನಾಲ್ ದಿಯಾಸ್ ಮುಪ್ಪಿನಲ್ಲಿ ಬರೆದ ಪುಸ್ತಕದಲ್ಲಿ ಅವಳನ್ನು ಗೌರವದಿಂದ ನೆನೆದ. ಆ ಪುಸ್ತಕ ಅಚ್ಚಾದದ್ದು 1632ರಲ್ಲಿ. ಸ್ಪೇನಿನ ಪರವಾಗಿ ಹೋರಾಡಿದ ತ್ಲಸ್ಕಾಲಾದ ಜನರು ಬಿಡಿಸಿದ ಚಿತ್ರಗಳಲ್ಲೂ ಅವಳು ಎರಡೂ ಕಡೆಯವರ ಮಧ್ಯೆ ನಿಂತಿದ್ದಾಳೆ.

ಹಾಗಾದರೆ ದ್ರೋಹಿಯ ಪಟ್ಟ ಬಂದದ್ದು ಯಾವಾಗ? 1821ರಲ್ಲಿ ಮೆಕ್ಸಿಕೋ ಸ್ವತಂತ್ರವಾಯಿತು. ಹೊಸ ದೇಶಕ್ಕೆ ಹಳೆಯ ಸೋಲಿನ ಹೊಣೆ ಹೊರಿಸಲು ಯಾರಾದರೂ ಬೇಕಿತ್ತು. ಸಿಕ್ಕವಳು ಇವಳು. ಅಸ್ತೆಕರ ಆಳ್ವಿಕೆಯಿಂದ ಬೇಸತ್ತು ಸ್ಪೇನಿನ ಕಡೆ ನಿಂತ ಸಾವಿರಾರು ಯೋಧರು, 1520ರಲ್ಲಿ ಊರೂರನ್ನೇ ಬಲಿ ತೆಗೆದುಕೊಂಡ ಸಿಡುಬು, ಇವೆಲ್ಲ ಮರೆತುಹೋದವು. 1950ರಲ್ಲಿ ಖ್ಯಾತ ಕವಿ ಒಕ್ತಾವಿಯೋ ಪಾಸ್ ಕೂಡ ತಮ್ಮ ಪ್ರಬಂಧದಲ್ಲಿ ಅವಳನ್ನು ದೇಶದ ಅವಮಾನದ ಸಂಕೇತವಾಗಿಯೇ ಕಂಡರು.

1970ರ ದಶಕದಿಂದ ಲೇಖಕಿಯರು ಈ ಕಥೆಯನ್ನು ಬೇರೆ ರೀತಿಯಲ್ಲಿ ಓದತೊಡಗಿದರು. ಕಾಣಿಕೆಯ ವಸ್ತುವಾಗಿ ಕೈಯಿಂದ ಕೈಗೆ ದಾಟಿಸಲ್ಪಟ್ಟವಳು ಯಾರಿಗೆ ನಿಷ್ಠಳಾಗಿರಬೇಕಿತ್ತು? ಅಸ್ತೆಕರು ಅವಳ ಜನರಾಗಿರಲಿಲ್ಲ. ಅವಳಿಗೆ ತನ್ನದೆನ್ನುವ ದೇಶವೂ ಇರಲಿಲ್ಲ. ಇದ್ದದ್ದು ಬುದ್ಧಿ ಮತ್ತು ನಾಲಿಗೆ. ಅವುಗಳಿಂದ ಜೀವ ಉಳಿಸಿಕೊಂಡಳು. 2006ರಲ್ಲಿ ಪ್ರಕಟವಾದ ಇತಿಹಾಸಕಾರ್ತಿ ಕ್ಯಾಮಿಲಾ ಟೌನ್‌ಸೆಂಡ್‌ರ ಗ್ರಂಥವೂ ಅವಳ ಮುಂದಿದ್ದ ದಾರಿಗಳು ಎಷ್ಟು ಕಡಿಮೆ ಎಂಬುದನ್ನೇ ವಿವರಿಸುತ್ತದೆ.

ಎರಡು ಸಾಮ್ರಾಜ್ಯಗಳ ಮಾತನ್ನು ದಾಟಿಸಿದ ಈ ಹೆಣ್ಣು ತನ್ನ ಬಗ್ಗೆ ಬರೆದಿಟ್ಟ ಒಂದು ಸಾಲೂ ನಮಗೆ ದೊರೆತಿಲ್ಲ. ಅವಳ ಪರವಾಗಿ ಮಾತಾಡಿದವರೆಲ್ಲ ಬೇರೆಯವರೇ. ಮನೆಯಲ್ಲಾಗಲಿ ನಾಡಿನಲ್ಲಾಗಲಿ ಏನಾದರೂ ಮುರಿದುಬಿದ್ದಾಗ 'ಅವಳಿಂದಲೇ ಆದದ್ದು' ಎಂದು ಹೇಳುವುದು ಸುಲಭ. ಹಾಗೆ ಕೇಳಿಬಂದಾಗ, ಸಹೋದರಿಯರೇ, ಹೇಳುತ್ತಿರುವವರು ಯಾರು, ಅವಳ ಮಾತನ್ನು ಯಾರಾದರೂ ಕೇಳಿದ್ದಾರೆಯೇ ಎಂದು ನಾವು ಮೊದಲು ವಿಚಾರಿಸೋಣ.