ಎಲೆ ಬದಲಾಯಿತು, ಮಾತು ಯಾರದು?

ನಮ್ಮ ಗೆಜ್ಜಲಗೆರೆ ಕಡೆ ಮದುವೆ ಸುದ್ದಿ ಬಂದರೆ ಎರಡು ಕ್ರಿಯಾಪದ ಸಾಕು: ಕೊಡೋದು, ತರೋದು. ‘ಮಳವಳ್ಳಿಗೆ ಹೆಣ್ಣು ಕೊಟ್ಟಿದ್ದೀವಿ’, ‘ಮಂಡ್ಯದಿಂದ ಹೆಣ್ಣು ತಂದ್ವಿ’. ಕೊಡುವವನು ಅಪ್ಪ, ತರುವವರು ಬೀಗರು. ಹೆಣ್ಣು ಈ ವಾಕ್ಯಗಳಲ್ಲಿ ಬರೀ ಕರ್ಮಪದ.

ಈ ವ್ಯಾಕರಣ ಕಣ್ಣಿಗೆ ಕಾಣುವುದು ತಾಂಬೂಲ ಶಾಸ್ತ್ರದ ದಿನ. ಜಮಖಾನದ ಮೇಲೆ ಎರಡೂ ಕಡೆಯ ಹಿರಿಯರು ಕೂರುತ್ತಾರೆ. ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ, ಅರಿಸಿನದ ಕೊಂಬು, ಬಾಳೆಹಣ್ಣು, ಹೂವು. ಲಗ್ನಪತ್ರಿಕೆ ಓದುತ್ತಾರೆ, ತಟ್ಟೆ ಬದಲಾಗುತ್ತದೆ. ಅಲ್ಲಿಗೆ ಮಾತು ಮುಗಿಯಿತು.

ಇದನ್ನೆಲ್ಲ ಕಂದಾಚಾರವೆಂದು ಎಸೆಯಬೇಕು ಎನ್ನುವವರ ಜೊತೆ ನಾನಿಲ್ಲ. ಓದು ಬರಹ ಬಾರದವರ ನಡುವೆ ವೀಳ್ಯದೆಲೆಯೇ ಕರಾರುಪತ್ರವಾಗಿತ್ತು. ಎಲೆ ಹಿಡಿದ ಮೇಲೆ ಮಾತಿಗೆ ತಪ್ಪುವುದು ಇಡೀ ಊರಿನ ಎದುರು ತಲೆ ತಗ್ಗಿಸುವ ಸಂಗತಿ. ಅಂಥ ಘನವಾದ ಎಲೆ, ಮದುವೆಯಾಗುವವಳ ಕೈಗೇ ಯಾಕೆ ಬರುವುದಿಲ್ಲ ಎನ್ನುವುದು ನನ್ನ ತಕರಾರು.

‘ಅವಳನ್ನೂ ಕೇಳ್ತೀವಲ್ಲ’ ಎನ್ನುತ್ತಾರೆ. ಹೇಗೆ ಕೇಳುತ್ತಾರೆ? ಅಡುಗೆಮನೆ ಬಾಗಿಲಲ್ಲಿ, ಬೀಗರು ಉಪ್ಪಿಟ್ಟು ತಿಂದು ಕೈ ತೊಳೆಯುವಷ್ಟರಲ್ಲಿ, ‘ಒಪ್ಪಿಗೆ ತಾನೆ ಮಗಾ?’ ತಲೆ ತಗ್ಗಿಸಿದರೆ ಒಪ್ಪಿಗೆ, ತಲೆ ಎತ್ತಿದರೆ ಬಜಾರಿ. ಮೌನವನ್ನು ಸಮ್ಮತಿ ಎಂದು ಓದುವ ಹಕ್ಕನ್ನು ನಮಗೆ ಕೊಟ್ಟವರು ಯಾರು?

ಇಲ್ಲಿ ಡೇರಿಗೆ ಹಾಲು ಹಾಕುವ ಹೆಂಗಸಿನ ಹೆಸರು ಸಂಘದ ಪುಸ್ತಕದಲ್ಲಿರುತ್ತದೆ. ಅದೇ ತಾಯಿಯ ಹೆಸರು ಮಗಳ ಲಗ್ನಪತ್ರಿಕೆಯಲ್ಲಿ ಸಿಗುವುದು ಅಪರೂಪ. ಅಲ್ಲಿ ತಾತ, ಅಪ್ಪಂದಿರದೇ ಸಾಲು.

ಸುಮಾತ್ರಾ ದ್ವೀಪದ ಮಿನಂಗ್‌ಕಬೌ ಜನ ತಾಯಿಯ ಕಡೆಯಿಂದ ವಂಶ ಎಣಿಸುವವರು. ಅಲ್ಲೂ ಸಂಬಂಧದ ಮಾತು ವೀಳ್ಯದೆಲೆಯಿಂದಲೇ ಶುರು. ಹಲವೆಡೆ ಕೇಳಲು ಹೋಗುವುದು ಹೆಣ್ಣಿನ ಕಡೆಯವರು. ಎರಡೂ ಮನೆಯವರು ಗುರುತಿನ ವಸ್ತು ಬದಲಿಸಿಕೊಳ್ಳುತ್ತಾರೆ. ಆದರೆ ಅಲ್ಲೂ ಮಾತು ನಡೆಸುವವನು ಸೋದರಮಾವ. ವಂಶ ತಾಯಿಯದಾದ ಮಾತ್ರಕ್ಕೆ ಮಾತು ಮಗಳದಾಗುವುದಿಲ್ಲ.

ನಮ್ಮಲ್ಲಿ ಇದರ ಬೆಲೆ ಈಗ ಕಾಣುತ್ತಿದೆ. 2023ರ ಫೆಬ್ರವರಿಯಲ್ಲಿ ಇದೇ ಮದ್ದೂರು ತಾಲ್ಲೂಕಿನ ಕೆ.ಎಂ. ದೊಡ್ಡಿಯಿಂದ ಮದುವೆಯಾಗದ ಯುವಕರು ಹೆಣ್ಣು ಸಿಗಲೆಂದು ಮಾದಪ್ಪನ ಬೆಟ್ಟಕ್ಕೆ ಪಾದಯಾತ್ರೆ ಹೊರಟರು. ರೈತನಿಗೆ ಹೆಣ್ಣು ಕೊಡುವವರಿಲ್ಲ ಎಂಬುದು ಅವರ ಅಳಲು. ಅಳಲು ನಿಜ, ನಾನು ನಗುವುದಿಲ್ಲ. ಆದರೆ ಅಲ್ಲೂ ಅದೇ ಕ್ರಿಯಾಪದ! ಅದೇ ವರ್ಷದ ಕೊನೆಗೆ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಭ್ರೂಣಲಿಂಗ ಪತ್ತೆ ನಡೆಯುತ್ತಿದ್ದದ್ದು ಬಯಲಾಯಿತು. ಬೆಲ್ಲ ಬೇಯಿಸುವ ಜಾಗದಲ್ಲಿ, ಹುಟ್ಟದ ಹೆಣ್ಣಿನ ಬಗ್ಗೆಯೂ ಬೇರೆಯವರೇ ಮಾತು ಮುಗಿಸುತ್ತಿದ್ದರು. ಎರಡೂ ಸುದ್ದಿಯನ್ನು ಬೇರೆ ಬೇರೆ ಪುಟದಲ್ಲಿ ಓದಿ ಮಡಚಿಟ್ಟೆವು.

ಈಗ ವೇದಿಕೆ ಹಾಕಿ, ಡ್ರೋನ್ ಹಾರಿಸಿ ಉಂಗುರ ತೊಡಿಸುವ ಕಾಲ. ಉಂಗುರ ತೊಡುವಾಗ ಹುಡುಗಿ ನಗುವುದು ಕ್ಯಾಮೆರಾಕ್ಕೆ ಬೇಕು. ತಟ್ಟೆ ಬದಲಾಗುವುದು ಈಗಲೂ ಹಿರಿಯರ ನಡುವೆಯೇ.

ಕುವೆಂಪು ಅವರ ಮಂತ್ರ ಮಾಂಗಲ್ಯದಲ್ಲಿ ಪ್ರತಿಜ್ಞೆ ಮಾಡುವವರು ಮದುವೆಯಾಗುವ ಇಬ್ಬರೇ. ಅಷ್ಟು ದೂರ ಹೋಗಲಾರದವರು ಇಷ್ಟಾದರೂ ಮಾಡಿ: ಮೊದಲ ತಾಂಬೂಲ ಹುಡುಗ ಹುಡುಗಿ ಬದಲಿಸಿಕೊಳ್ಳಲಿ. ‘ನನಗೆ ಒಪ್ಪಿಗೆ’ ಎಂದು ಅವಳು ಎಲ್ಲರಿಗೂ ಕೇಳುವಂತೆ ಹೇಳಲಿ. ‘ಒಪ್ಪಿಗೆಯಿಲ್ಲ’ ಎಂದರೆ ಬಂದವರು ಊಟ ಮಾಡಿ, ಬೈಯದೆ ಎದ್ದು ಹೋಗಲಿ. ಆಗ ಮಾತ್ರ ಆ ಎಲೆ ಮಾತು. ಇಲ್ಲದಿದ್ದರೆ ಅದು ಸಾಮಾನು ಒಪ್ಪಿಸಿದ್ದಕ್ಕೆ ಪಡೆದ ರಸೀದಿ.