ಲಾಲಿಗೆ ಮನೆ ಹುಡುಕಿದ್ದು

ಮೊದಲೆಲ್ಲ ವಿಜಯಪುರಕ್ಕೆ ಬಂದ ನೆಂಟರು ರೈಲು ಸ್ಟೇಷನ್ನಿನಿಂದ ಹೊರಗೆ ಕಾಲಿಟ್ಟರೆ ಎದುರಿಗೆ ಟಾಂಗಾಗಳ ಸಾಲು. ಹಸಿ ಹುಲ್ಲು, ಲದ್ದಿ, ಚರ್ಮದ ಪಟ್ಟಿ ಎಲ್ಲ ಸೇರಿದ ಒಂದು ವಾಸನೆ. ಗೋಳಗುಮ್ಮಟ ಅಲ್ಲಿಗೆ ಹತ್ತಿರವೇ, ಆದರೂ ಮಕ್ಕಳ ಹಟಕ್ಕೆ ಟಾಂಗಾ ಹತ್ತಲೇಬೇಕಿತ್ತು. ಈಗ ಅಲ್ಲಿ ಆಟೋಗಳ ಸಾಲು. ನಮ್ಮೂರಿನದಷ್ಟೇ ಕಥೆಯಲ್ಲ ಇದು. 2012ರ ಜಾನುವಾರು ಗಣತಿಯಲ್ಲಿ ದೇಶದಲ್ಲಿ 6 ಲಕ್ಷಕ್ಕೂ ಹೆಚ್ಚಿದ್ದ ಕುದುರೆ, ತಟ್ಟುಗಳು 2019ರ ಗಣತಿಗೆ 3.4 ಲಕ್ಷಕ್ಕೆ ಇಳಿದಿದ್ದವು. ಮುಂಬೈಯ ವಿಕ್ಟೋರಿಯಾ ಗಾಡಿಗಳು ಕಾನೂನಿಗೆ ವಿರುದ್ಧವೆಂದು 2015ರಲ್ಲಿ ಅಲ್ಲಿನ ಹೈಕೋರ್ಟು ಹೇಳಿದಾಗ, ಗಾಡಿಯವರ ಹೊಟ್ಟೆಪಾಡೇನು ಎಂಬುದರ ಜೊತೆಗೆ ಕುದುರೆಗಳು ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆಯೂ ಎದ್ದಿತ್ತು.

ಅದೇ ಪ್ರಶ್ನೆ ಹೋದ ಚಳಿಗಾಲ ನಮ್ಮ ಓಣಿಗೂ ಬಂತು.

ನಮ್ಮ ಓಣಿಯ ಟಾಂಗಾ ಚಾಚಾ ನನಗಿಂತ ಎರಡು ವರ್ಷ ದೊಡ್ಡವರು. ಅವರ ಹೆಣ್ಣು ಕುದುರೆಯ ಹೆಸರು ಲಾಲಿ. ಕೆಂಪು ಮೈ, ಹಣೆಯ ಮೇಲೆ ಬೆರಳಗಲದ ಬಿಳಿ ಗೆರೆ. ಓಣಿಯ ಎಷ್ಟೋ ಮಕ್ಕಳನ್ನು ಶಾಲೆಗೆ ಮುಟ್ಟಿಸಿದ್ದು ಅದೇ. ಚಾಚಾನ ಕಣ್ಣಿಗೆ ಆಪರೇಷನ್ ಆಯಿತು, ಮೊಣಕಾಲೂ ಕೈಕೊಟ್ಟಿತು. ಮಗ ಆಟೋ ಓಡಿಸುತ್ತಾನೆ, ಅವನಿಗೆ ಕುದುರೆ ಬೇಡ.

“ಮಾರೋದ್ಯಾಕಜ್ಜ, ಹಂಗ ಇಟ್ಕೋಬಹುದಲ್ಲ?” ಎಂದು ನನ್ನ ಮೊಮ್ಮಗಳು ಕೇಳಿದಳು. ಮಕ್ಕಳೇ, ನಿಮಗೂ ಹಾಗೇ ಅನಿಸಬಹುದು. ಆದರೆ ಕುದುರೆ ಗೂಟಕ್ಕೆ ನಿಂತೇ ಇರುವ ಪ್ರಾಣಿಯಲ್ಲ. ದಿನವೂ ನಡೆಸದಿದ್ದರೆ ಕಾಲು ಬಾವು ಬರುತ್ತದೆ. ಹುರುಳಿ, ಭೂಸಾ, ಹುಲ್ಲು ಹೊತ್ತುಹೊತ್ತಿಗೆ ಬೇಕು. ಆರರಿಂದ ಎಂಟು ವಾರಕ್ಕೊಮ್ಮೆ ನಾಲಬಂದರನ್ನು ಕರೆಸಿ ಗೊರಸು ಕೆತ್ತಿಸಿ ಹೊಸ ನಾಲು ಹೊಡೆಸಬೇಕು. ಗಾಡಿ ನಿಂತ ಮನೆಯಲ್ಲಿ ಇದಕ್ಕೆಲ್ಲ ದುಡ್ಡೆಲ್ಲಿಂದ ಬರಬೇಕು?

ಸಂಕ್ರಾಂತಿಗೆ ನಮ್ಮ ಸಿದ್ಧೇಶ್ವರ ಜಾತ್ರೆ, ಅದರ ಜೊತೆಗೆ ದನಗಳ ಜಾತ್ರೆ. ಅಲ್ಲಿಗೇ ಹೊಡೆದುಕೊಂಡು ಹೋಗಿ ಎಂದು ಎಲ್ಲರೂ ಹೇಳಿದರು. ಚಾಚಾ ಒಪ್ಪಲಿಲ್ಲ. “ಟವೆಲ್ ಕೆಳಗ ಬಟ್ಟ ಹಿಡದು ರೇಟ್ ಆಗತೈತಿ, ಹಗ್ಗ ಹಿಡಕೊಂಡು ಹೊಂಟಬಿಡತಾರ. ಯಾವ ಮನಿಗಿ ಹೋತು ಅಂತ ಯಾರನ್ನ ಕೇಳ್ಲಿ?” ಎಂದರು. ಬ್ಯಾಂಕಿನಲ್ಲಿ ಮೂವತ್ತಾರು ವರ್ಷ ಕಾಗದಪತ್ರ ನೋಡಿದವನು ಎಂದು ನನ್ನನ್ನು ಜೊತೆಗೆ ಕರೆದರು. ಸಾಲ ಕೊಡುವ ಮುಂಚೆ ಮನೆ ನೋಡಿ ಬರುವ ಕೆಲಸ ನನಗೆ ಹೊಸದಲ್ಲ, ಹೂಂ ಎಂದೆ.

ಮೊದಲು ಬೈಕಿನ ಮೇಲೆ ಬಂದವರು ಇಬ್ಬರು ಹುಡುಗರು. ನಮ್ಮ ಕಡೆ ಊರ ಜಾತ್ರೆಗಳಲ್ಲಿ ಕುದುರೆ ಗಾಡಿ ಶರ್ಯತ್ತು ನಡೆಯುತ್ತದೆ, ಅದಕ್ಕೆ ಬೇಕಾಗಿತ್ತಂತೆ. ಬಾಯಿ ತೆರೆಸಿ ಹಲ್ಲು ನೋಡಿದರು. ಕುದುರೆಗೆ ಐದು ವರ್ಷಕ್ಕೆ ಎಲ್ಲ ಹಲ್ಲು ಬಂದಿರುತ್ತವೆ, ಆಮೇಲೆ ಸವೆತ ನೋಡಿ ವಯಸ್ಸು ಹೇಳಬೇಕು. “ಎಂಟು ವರ್ಷ ಇರಬೇಕಲ್ರೀ?” ಎಂದು ಅವರೇ ಹೇಳಿದರು. ಸುಮ್ಮನಿದ್ದರೆ ₹70,000 ಕೈಗೆ ಬರುತ್ತಿತ್ತು. ಚಾಚಾ, “ಹನ್ನೆರಡು ತುಂಬ್ಯಾವ. ಪಟಾಕಿ ಸಪ್ಪಳಕ್ಕ ಬೆದರತೈತಿ. ಹಿಂದಿನ ಎಡಗಾಲಿನ ಗೊರಸು ಒಮ್ಮಿ ಸೀಳಿತ್ತು” ಎಂದುಬಿಟ್ಟರು. ಹುಡುಗರು ಚಹಾ ಕುಡಿದು ಹೋದವರು ಮತ್ತೆ ಬರಲಿಲ್ಲ.

ನನಗೆ ಸಿಟ್ಟೇ ಬಂತು. “ಕೇಳದೇ ಯಾಕ ಹೇಳ್ತೀರಿ ಚಾಚಾ? ಹಿಂಗಾದ್ರ ವ್ಯಾಪಾರ ಆದಂಗನ.”

“ನಾ ಈಗ ಹೇಳಲಿಲ್ಲಂದ್ರ ಸಾಹೇಬ್ರ, ನಾಳಿ ಪಟಾಕಿ ಹಾರಿದಾಗ ಅದು ಬೆದರತೈತಿ. ಹೊಡತ ತಿನ್ನೋದು ನಾನಲ್ಲ, ಅದು.”

ಮದುವೆ ಮೆರವಣಿಗೆಗೆ ಕುದುರೆ ಬಾಡಿಗೆ ಕೊಡುವವರೊಬ್ಬರೂ ವಿಚಾರಿಸಿದ್ದರು. ಪಟಾಕಿಯ ಮಾತು ಕೇಳಿ ಅವರೂ ಹಿಂದೆ ಸರಿದರು.

ಮೂರನೆಯದು ತಿಕೋಟಾ ಕಡೆಯ ದ್ರಾಕ್ಷಿ ತೋಟದ ಮನೆ. ಇಲ್ಲಿಂದ ಪಶ್ಚಿಮಕ್ಕೆ ಬಸ್ಸಿನಲ್ಲಿ ಅರ್ಧ ಪೌಣ ತಾಸಿನ ಹಾದಿ. ದ್ರಾಕ್ಷಿಗೆ, ಒಣದ್ರಾಕ್ಷಿಗೆ ಹೆಸರಾದ ಸೀಮೆ. ಮಾಲೀಕರು ಒಳ್ಳೆಯ ಮಾತಿನವರು. ಹೊಸ ತಗಡಿನ ಶೆಡ್ಡು, ನಳದ ನೀರು, ಮೇಲೊಂದು ಫ್ಯಾನು ಕೂಡ. ಮೊಮ್ಮಕ್ಕಳು ಹತ್ತಿ ಆಡಲಿ ಅಂತ ಕುದುರೆ ಬೇಕಂತೆ, ₹55,000 ಕೊಡುತ್ತೇನೆಂದರು. ನಾನು ಮನಸ್ಸಿನಲ್ಲೇ ಸಾಲ ಮಂಜೂರು ಮಾಡಿಬಿಟ್ಟಿದ್ದೆ! ಚಾಚಾ ಮಾತ್ರ ಕಾಲು ಎಳೆಯುತ್ತಾ ಶೆಡ್ಡಿನ ಹಿಂದಕ್ಕೆ ಹೋದರು. ನಾನೂ ಹೋದೆ. ಅಲ್ಲಿ ಬಿಸಿಲಿಗೆ ಒಂದು ಮುದಿ ಎತ್ತು, ಗಿಡ್ಡ ಹಗ್ಗದಲ್ಲಿ ಕಟ್ಟಿತ್ತು. ಕುತ್ತಿಗೆಯ ಗಾಯದ ಮೇಲೆ ನೊಣ. ಗೋದಲಿಯಲ್ಲಿ ಒಂದು ಕಡ್ಡಿ ಮೇವಿಲ್ಲ. ಎದುರಿಗೇ ಫ್ಯಾನಿನ ಗಾಳಿಗೆ ನಿಂತ ಖಿಲಾರಿ ಹೋರಿ ಮಿರಮಿರ ಮಿಂಚುತ್ತಿತ್ತು.

ಚಾಚಾ ಏನೂ ಅನ್ನಲಿಲ್ಲ. ಮಾಲೀಕರಿಗೆ ಕೈಮುಗಿದು ಬಂದರು. ಬಸ್ಸಿನಲ್ಲಿ ಬಹಳ ಹೊತ್ತಿನ ಮೇಲೆ, “ಲಾಲಿನೂ ಮುದಿ ಆಕ್ಕೈತಲ್ರೀ” ಎಂದರು. ವಯಸ್ಸಾದವರಿಬ್ಬರು ಒಂದೇ ಸೀಟಿನಲ್ಲಿ ಕೂತಿದ್ದೆವು. ನಾನು ಕಿಟಕಿಯ ಹೊರಗೆ ನೋಡಿದೆ.

ಆಮೇಲೆ ಒಂದು ತಿಂಗಳು ಯಾರೂ ಬರಲಿಲ್ಲ. ಹುರುಳಿಯ ಚೀಲ ಖಾಲಿಯಾಗುತ್ತಿತ್ತು. ಚಾಚಾನ ಮಗ ನನ್ನ ಮೇಲೂ ಮುಖ ಗಂಟಿಕ್ಕತೊಡಗಿದ. ಅವನದೇನು ತಪ್ಪು, ಆಟೋದ ಕಂತು ಅವನೇ ಕಟ್ಟಬೇಕು.

ಬಬಲೇಶ್ವರದ ಹತ್ತಿರದ ರೈತರೊಬ್ಬರು ಫೋನ್ ಮಾಡಿದ್ದು ಆಗ. ಅವರಲ್ಲಿ ಎರಡು ಕುದುರೆಗಳಿದ್ದವು, ಒಂದು ತೀರಿಕೊಂಡಿತ್ತು. ಕುದುರೆ ಗುಂಪಿನ ಪ್ರಾಣಿ, ಒಂಟಿಯಾದರೆ ಮಂಕಾಗುತ್ತದೆ. ಉಳಿದದ್ದಕ್ಕೆ ಜೊತೆ ಬೇಕು, ಹೊಲದಿಂದ ಹಾಲಿನ ಕ್ಯಾನು, ಮೇವು ತರುವ ಸಣ್ಣ ಗಾಡಿಗೂ ಆಯಿತು ಎಂದರು. ಲಾಲಿಯ ಐಬುಗಳನ್ನೆಲ್ಲ ಚಾಚಾ ಎಂದಿನಂತೆ ಒಪ್ಪಿಸಿದರು. ಆ ಕಡೆಯಿಂದ ಬಂದ ಪ್ರಶ್ನೆ, “ಏನ ತಿಂತೈತ್ರೀ? ಎಷ್ಟ ಹೊತ್ತಿಗೆ?”

ಹೋಗಿ ನೋಡಿದೆವು. ಫ್ಯಾನಿಲ್ಲ. ಮಣ್ಣಿನ ಗೋಡೆ, ಬೇವಿನ ಗಿಡದ ನೆರಳು. ಏತ ನೀರಾವರಿಯ ನೀರಿನಿಂದ ಹಸಿ ಮೇವಿಗೆ ಕೊರತೆಯಿಲ್ಲ. ಗಿಡದ ಕೆಳಗೆ ಇಪ್ಪತ್ತೈದು ದಾಟಿದ ಮುದಿ ಕುದುರೆ, ಬೆನ್ನು ಬಾಗಿತ್ತು, ಅಗಿಯಲು ಹಲ್ಲಿರಲಿಲ್ಲ. ಮನೆಯ ಅಜ್ಜಿ ನೆನೆಸಿದ ಭೂಸಾವನ್ನು ಬೋಗುಣಿಯಲ್ಲಿ ಕಲಸಿ ಅದರ ಮುಂದೆ ಹಿಡಿದು ಕೂತಿದ್ದರು. “ಹೋತು, ನಿಂದರ್ಲೀ, ತಿನ್ಲೀ” ಎಂದು ನಮ್ಮನ್ನೇ ಗದರಿಸಿದರು.

ಚಾಚಾ ಬೆಲೆ ಕೇಳಲೇ ಇಲ್ಲ. ₹40,000ಕ್ಕೆ ಮುಗಿಯಿತು.

ಕಳಿಸುವ ಮುಂಚೆ ಸರ್ಕಾರಿ ಪಶು ಆಸ್ಪತ್ರೆಯಲ್ಲಿ ಗ್ಲ್ಯಾಂಡರ್ಸ್ ಪರೀಕ್ಷೆಗೆ ರಕ್ತ ಕೊಡಿಸಿದೆವು. ಅದು ಕುದುರೆಯಿಂದ ಮನುಷ್ಯರಿಗೂ ಹರಡುವ ರೋಗ. ಕರಾರು ಪತ್ರ ನಾನೇ ಬರೆದೆ. 1965ರ ಕೇಂದ್ರ ನಿಯಮದ ಪ್ರಕಾರ ಗಾಡಿ ಎಳೆಯುವ ಪ್ರಾಣಿಯನ್ನು ದಿನಕ್ಕೆ 9 ತಾಸಿಗಿಂತ ಹೆಚ್ಚು ದುಡಿಸುವಂತಿಲ್ಲ, ಬಿಸಿಲು 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಹೂಡುವಂತಿಲ್ಲ. ಅದನ್ನೂ ಸೇರಿಸಿದೆ. ಮುಂದೆಂದಾದರೂ ಮಾರುವ ಮನಸ್ಸಾದರೆ ಮೊದಲು ಚಾಚಾನಿಗೆ ತಿಳಿಸಬೇಕು ಎಂದೂ ಬರೆದೆ. ರೈತರು ಓದದೆಯೇ ಸಹಿ ಹಾಕಿದರು. ಬ್ಯಾಂಕಿನವನಾಗಿ ನನಗೆ ಅದು ಸರಿಬರಲಿಲ್ಲ, ಕೂರಿಸಿ ಪೂರ್ತಿ ಓದಿ ಹೇಳಿದೆ.

ನಿಜವಾಗಿ ಕೆಲಸಕ್ಕೆ ಬಂದದ್ದು ಮೊಮ್ಮಗಳ ನೋಟುಪುಸ್ತಕ. ಚಾಚಾ ಹೇಳಿದಂತೆ ಅವಳು ಎಲ್ಲ ಬರೆದಿದ್ದಳು: ಬೆಳಿಗ್ಗೆ ಎಷ್ಟು ಹುರುಳಿ, ಕಿವಿಯ ಹಿಂದೆ ಎಲ್ಲಿ ತುರಿಸಬೇಕು, ಬಕೆಟ್ಟು ಕೆಂಪು ಬಣ್ಣದ್ದಾದರೆ ನೀರು ಕುಡಿಯುವುದಿಲ್ಲ. ಮೇವು ಒಮ್ಮೆಲೇ ಬದಲಾದರೆ ಕುದುರೆಗೆ ಹೊಟ್ಟೆಶೂಲೆ ಬರುತ್ತದೆ, ನಮ್ಮಂತೆ ವಾಂತಿ ಮಾಡಿಕೊಳ್ಳಲು ಅದಕ್ಕೆ ಆಗುವುದಿಲ್ಲ. ಹಾಗಾಗಿ ಹತ್ತು ದಿನ ಹಳೆಯದರ ಜೊತೆ ಹೊಸದನ್ನು ಸ್ವಲ್ಪಸ್ವಲ್ಪವೇ ಬೆರೆಸಲೆಂದು ಚಾಚಾ ತಮ್ಮ ಮನೆಯ ಮೇವಿನ ಚೀಲವನ್ನೂ ವಾಹನಕ್ಕೆ ಹಾಕಿದರು. ಲಾಲಿ ಹತ್ತಿದ ಮೇಲೆ ಅವರು ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಯುಗಾದಿ ಮುಗಿದ ಮೇಲೆ ನಾವು ಮೂವರೂ ಬಬಲೇಶ್ವರಕ್ಕೆ ಹೋದೆವು. ಚಾಚಾ ದಾರಿಯುದ್ದಕ್ಕೂ ಜೇಬಿನ ಬೆಲ್ಲ ಮುಟ್ಟಿ ನೋಡಿಕೊಳ್ಳುತ್ತಿದ್ದರು. ಲಾಲಿ ಮುದಿ ಕುದುರೆಯ ಪಕ್ಕ ನಿಂತು ಹುಲ್ಲು ತಿನ್ನುತ್ತಿತ್ತು. ಚಾಚಾ ಕರೆದರು. ಕಿವಿ ನಿಮಿರಿಸಿತು, ತಿರುಗಿ ನೋಡಿತು, ಬಂದು ಬೆಲ್ಲ ತಿಂದಿತು. ತಿಂದು ಮತ್ತೆ ಹುಲ್ಲಿನ ಕಡೆಗೇ ಹೋಯಿತು.

“ಚಾಚಾ, ಬೇಜಾರಾತೇನ?” ಎಂದಳು ಮೊಮ್ಮಗಳು.

“ಆತವ್ವ, ಸ್ವಲ್ಪ ಆತು” ಎಂದರು ಚಾಚಾ. ಆಮೇಲೆ ಅಂಗೈಗೆ ಅಂಟಿದ ಬೆಲ್ಲದ ಚೂರನ್ನು ಮುದಿ ಕುದುರೆಯ ಬಾಯಿಗೆ ಹಿಡಿದರು.