ಒಂಥರಾ ಅಂದ್ರೆ ಯಾವ ಥರ?

ಹೆಸರಿನ ಸರಣಿ, ಪೋಸ್ಟ್ 4. ಆರು ಫೋಟೋ ಇದೆ, ಸ್ವೈಪ್ ಮಾಡ್ತಾ ಓದಿ. ಉದ್ದ ಅನ್ಸಿದ್ರೆ ಸೇವ್ ಮಾಡ್ಕೊಳ್ಳಿ, ಬಸ್ಸಲ್ಲಿ ಓದಬಹುದು.

"ಅವ್ನು ಒಂಥರಾ ಕಣೋ." ಅರಸೀಕೆರೆ, ಬೇಲೂರು, ಹಳೇಬೀಡು, ಎಲ್ಲಿ ಹೋದ್ರೂ ನಮ್ಮಂಥವರ ಬಗ್ಗೆ ಜನ ಹೇಳೋದು ಇದೇ ಮಾತು. ನಂಗೆ ಆಟಿಸಂ ಇದೆ ಅಂತ ಹಿಂದಿನ ಪೋಸ್ಟಲ್ಲಿ ಬರೆದ ಮೇಲೆ ತುಂಬ ಜನ ಮೆಸೇಜ್ ಮಾಡಿ ಕೇಳಿದ್ರಿ: "ಆಟಿಸಂಗೆ ಒಳ್ಳೇ ಕನ್ನಡ ಪದ ಯಾವುದು?" ನನ್ನ ಅಭಿಪ್ರಾಯ ಇಷ್ಟೇ. ನಮಗೆ ಇನ್ನೊಂದು ಪದಕ್ಕಿಂತ ಒಂದು ಒಳ್ಳೇ ವಾಕ್ಯ ಬೇಕು. ಯಾಕೆ ಅಂತ ಒಂದೊಂದಾಗಿ ಹೇಳ್ತೀನಿ.

ಫೋಟೋ 1: ಹಳೇಬೀಡಿನ ಕೆರೆ
ಈ ಊರಿನ ಹೆಸರು ಮೊದಲು ದೋರಸಮುದ್ರ. ಹೊಯ್ಸಳರ ರಾಜಧಾನಿ. ಊರು ಹಾಳಾದ ಮೇಲೆ ಅದು "ಹಳೇ ಬೀಡು" ಆಯ್ತು. ಯೋಚನೆ ಮಾಡಿ, ಊರು ತುಂಬಿದ್ದಾಗ ಅಲ್ಲಿ ಬದುಕ್ತಿದ್ದವರು ಯಾರೂ ತಮ್ಮ ಊರನ್ನ "ಹಳೇದು" ಅಂತ ಕರೆದಿರಲ್ಲ. ಆಮೇಲೆ ನೋಡಿದವರ ಕಣ್ಣಿಗೆ ಕಂಡದ್ದು ಹೆಸರಾಯ್ತು. ಊರಿಗೆ ಅದರಿಂದ ನಷ್ಟ ಏನಿಲ್ಲ. ಮನುಷ್ಯರಿಗೆ ಹೀಗೆ ಹೊರಗಿಂದ ಹೆಸರಿಟ್ಟಾಗ ನಷ್ಟ ಇದೆ.

ಫೋಟೋ 2: ಬೇಲೂರಿನ ದರ್ಪಣ ಸುಂದರಿ
ಕನ್ನಡಿ ನೋಡ್ಕೊಂಡು ನಿಂತಿದ್ದಾಳೆ, ಪಕ್ಕದಲ್ಲಿ ಯಾರಿದ್ದಾರೆ ಅನ್ನೋದೇ ಬೇಕಿಲ್ಲ ಅನ್ನೋ ಹಾಗೆ. ಪತ್ರಿಕೆಗಳಲ್ಲಿ ಆಟಿಸಂಗೆ "ಸ್ವಲೀನತೆ" ಅಂತ ಬರೆಯೋದನ್ನ ನೋಡಿರ್ತೀರಿ. ತನ್ನಲ್ಲೇ ಲೀನವಾಗಿರೋದು ಅಂತ ಅರ್ಥ, ಥೇಟ್ ಈ ಫೋಟೋ ಥರ. ಆ ಪದ ಇಂಗ್ಲಿಷ್ ಪದದ ನೇರ ಅನುವಾದ. ಗ್ರೀಕಿನಲ್ಲಿ "ಆಟೋಸ್" ಅಂದ್ರೆ ತಾನು. 1911ರಲ್ಲಿ ಸ್ವಿಟ್ಜರ್ಲೆಂಡಿನ ಮನೋವೈದ್ಯ ಯೂಜೆನ್ ಬ್ಲಾಯ್ಲರ್ "ಆಟಿಸಂ" ಪದವನ್ನ ಬಳಸಿದ್ದು ಸ್ಕಿಜೋಫ್ರೇನಿಯಾ ಇದ್ದವರ ಬಗ್ಗೆ, ಅಂದ್ರೆ ಬೇರೆಯದೇ ವಿಷಯಕ್ಕೆ. 1943ರಲ್ಲಿ ಅಮೆರಿಕದ ಲಿಯೋ ಕ್ಯಾನರ್ 11 ಮಕ್ಕಳ ಬಗ್ಗೆ ಬರೆಯುವಾಗ ಅದೇ ಪದವನ್ನ ತಗೊಂಡರು. ಅದು ನಮ್ಮ ಮೇಲೆ ಉಳ್ಕೊಳ್ತು.

ವೈದ್ಯರೂ ಒಂದೇ ಹೆಸರಿಗೆ ಅಂಟಿಕೊಂಡಿಲ್ಲ. 1981ರಲ್ಲಿ ಬ್ರಿಟನ್ನಿನ ಲೋರ್ನಾ ವಿಂಗ್ "ಆಸ್ಪರ್ಗರ್ ಸಿಂಡ್ರೋಮ್" ಅನ್ನೋ ಹೆಸರನ್ನ ಚಾಲ್ತಿಗೆ ತಂದರು. 2013ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ ಅದನ್ನ ಕೈಬಿಟ್ಟು ಎಲ್ಲವನ್ನೂ ಒಂದೇ ಸ್ಪೆಕ್ಟ್ರಮ್‌ಗೆ ಸೇರಿಸ್ತು.

ಇನ್ನು "ತನ್ನಲ್ಲೇ ಲೀನ" ಅನ್ನೋ ವಿವರಣೆ ನಿಜಾನಾ? ಡೇಮಿಯನ್ ಮಿಲ್ಟನ್ ಅಂತ ಬ್ರಿಟನ್ನಿನ ಒಬ್ಬ ಸಂಶೋಧಕರಿದ್ದಾರೆ, ಅವರೇ ಆಟಿಸಂ ಇರೋರು. 2012ರಲ್ಲಿ ಅವರು ಬರೆದದ್ದರ ಸಾರ ಹೀಗಿದೆ: ಅರ್ಥ ಆಗದೇ ಇರೋದು ಎರಡೂ ಕಡೆ ಇದೆ. ನಮಗೆ ನಿಮ್ಮ ಮುಖದ ಸೂಚನೆ ಓದೋದು ಎಷ್ಟು ಕಷ್ಟವೋ, ನಿಮಗೆ ನಮ್ಮದು ಓದೋದೂ ಅಷ್ಟೇ ಕಷ್ಟ. ಆದ್ರೆ ಹೆಸರು ಮಾತ್ರ ಒಂದೇ ಕಡೆಯವರಿಗೆ ಬಿತ್ತು!

ಫೋಟೋ 3: ಅರಸೀಕೆರೆ ಬಸ್ ಸ್ಟ್ಯಾಂಡ್
ಇಲ್ಲಿ ಕಾಯ್ತಾ ನಿಂತ್ರೆ ಕೇಳ್ಸೋ ಬೇರೆ ಹೆಸರುಗಳೂ ನಿಮಗೆ ಗೊತ್ತು. ಮಂಕ, ಪೆದ್ದ, ಸೈಕೋ. ಈಗ ಮೀಮ್‌ಗಳಲ್ಲಿ "ಆಟಿಸ್ಟಿಕ್" ಅನ್ನೋದನ್ನೇ ಬೈಗುಳ ಮಾಡಿದ್ದಾರೆ, ನಮ್ಮ ಕ್ಲಾಸ್ ಗ್ರೂಪಲ್ಲೂ ಬಂದಿದೆ. ಅದರ ಬಗ್ಗೆ ಜಾಸ್ತಿ ಹೇಳಲ್ಲ, ಅದು ತಪ್ಪು ಅಂತ ಕಳಿಸಿದವರಿಗೂ ಗೊತ್ತಿರುತ್ತೆ.

ನಂಗೆ ಅದಕ್ಕಿಂತ ಕಷ್ಟ ಅನ್ಸೋದು ಸಿಹಿ ಹೆಸರುಗಳು. "ದೇವರ ಮಗು", "ಸ್ಪೆಷಲ್ ಮಗು." ಹೇಳೋರ ಮನಸ್ಸು ಒಳ್ಳೇದೇ. ಆದ್ರೆ ದೇವರ ಮಗುಗೆ ಪರೀಕ್ಷೆಯಲ್ಲಿ ಹೆಚ್ಚು ಸಮಯ ಬೇಕು ಅಂತ ಯಾರಿಗೆ ಹೊಳೆಯುತ್ತೆ? ಕೈ ಮುಗಿದು ದೂರ ನಿಲ್ತಾರೆ, ಪಕ್ಕದಲ್ಲಿ ಕೂರಲ್ಲ. ಬೈಗುಳ, ಹೊಗಳಿಕೆ ಎರಡೂ ಮಾಡೋ ಕೆಲಸ ಒಂದೇ. "ಯಾವ ಥರ?" ಅಂತ ಕೇಳೋದನ್ನ ನಿಲ್ಲಿಸ್ತವೆ.

ಫೋಟೋ 4: ನಮ್ಮ ಮನೆ ಜಗಲಿ
ಈಗ ನನ್ನ ಮುಖ್ಯ ಮಾತು. ಜಗಲಿ ಮೇಲೆ ಕೂತು ಮಾತಾಡೋ ಕನ್ನಡ ಈ ಸಮಸ್ಯೆನ ಯಾವಾಗಲೋ ಬಿಡಿಸಿದೆ. "ಕಿವುಡ" ಅಂದ್ರೆ ಜಗಳ ಆಗುತ್ತೆ. "ನಮ್ಮಜ್ಜಿಗೆ ಕಿವಿ ಸರಿಯಾಗಿ ಕೇಳ್ಸಲ್ಲ, ಸ್ವಲ್ಪ ಜೋರಾಗಿ ಹೇಳಿ" ಅಂದ್ರೆ ಯಾರಿಗೂ ಬೇಜಾರಿಲ್ಲ. "ಕುಂಟ" ಅನ್ನಲ್ಲ, "ಅವರಿಗೆ ಮಂಡಿ ನೋವು, ಮೆಟ್ಟಿಲು ಹತ್ತಕ್ಕಾಗಲ್ಲ, ಕೆಳಗೇ ಊಟ ಬಡಿಸಿ" ಅಂತೀವಿ. ಗಮನಿಸಿ, ಆ ವಾಕ್ಯದಲ್ಲಿ ಮೂರು ಇದೆ: ಏನಾಗುತ್ತೆ, ಯಾವಾಗ ಕಷ್ಟ, ನೀವೇನು ಮಾಡಬೇಕು. ಒಂದು ಪದದಲ್ಲಿ ಈ ಮೂರೂ ಹಿಡಿಯಲ್ಲ. ಹಳ್ಳಿಯ ಅಜ್ಜಿಗೂ ಬರೋ ಈ ಸೌಜನ್ಯ ಆಟಿಸಂ ವಿಷಯದಲ್ಲಿ ಮಾತ್ರ ಯಾಕೆ ಮರೆತುಹೋಗುತ್ತೆ?

ನ್ಯೂಜಿಲೆಂಡಿನ ಮಾವೋರಿ ಭಾಷೆಗೆ ಕೇರಿ ಓಪಾಯ್ ಅನ್ನೋರು ಒಂದು ಹೊಸ ಪದ ಕೊಟ್ಟಿದ್ದಾರೆ: "ತಕಿವಾತಂಗ." ತನ್ನದೇ ಸಮಯದಲ್ಲಿ, ತನ್ನದೇ ಜಾಗದಲ್ಲಿ ಅಂತ ಅರ್ಥ. ಅದು ಚೆನ್ನಾಗಿರೋದು ಯಾಕೆ ಗೊತ್ತಾ? ಪದದ ಒಳಗೆ ಒಂದು ವಾಕ್ಯ ಅಡಗಿದೆ. "ಅವಸರ ಮಾಡಬೇಡಿ, ಸ್ವಲ್ಪ ಜಾಗ ಬಿಡಿ" ಅಂತ ಕೇಳಿದವರಿಗೆ ತಾನಾಗೇ ಗೊತ್ತಾಗುತ್ತೆ.

ಫೋಟೋ 5: ಹೊಯ್ಸಳೇಶ್ವರ ಗುಡಿ, ಆನೆಗಳ ಸಾಲು
ದೂರದಿಂದ ಎಲ್ಲ ಆನೆಗಳೂ ಒಂದೇ. ಹತ್ತಿರ ಹೋಗಿ ನೋಡಿ, ಸೊಂಡಿಲು ಬೇರೆ, ನಡಿಗೆ ಬೇರೆ. "ಸ್ಪೆಕ್ಟ್ರಮ್" ಅಂದ್ರೆ "ಸ್ವಲ್ಪ ಆಟಿಸಂ"ನಿಂದ "ಪೂರ್ತಿ ಆಟಿಸಂ"ವರೆಗೆ ಒಂದು ಗೆರೆ ಅಂತ ತುಂಬ ಜನ ಅಂದ್ಕೊಂಡಿದ್ದಾರೆ. ನಂಗೆ "ಹರವು" ಅನ್ನೋ ಪದ ಇಷ್ಟ. ಒಬ್ಬರಿಗೆ ಮಾತೇ ಬರಲ್ಲ, ಎಲ್ಲ ಅರ್ಥ ಆಗಿರುತ್ತೆ. ಇನ್ನೊಬ್ಬರು ಪಟಪಟ ಮಾತಾಡ್ತಾರೆ, ಅಂಗಡಿಗೆ ಹೋಗಿ ಒಂದು ಸೋಪು ತರೋದು ಕಷ್ಟ. ದಿನವಿಡೀ ಜೊತೆಗೆ ಒಬ್ಬರು ಬೇಕಾದವರೂ ಇದ್ದಾರೆ. ಹಾಗಾಗಿ ನನ್ನ ವಾಕ್ಯ ಇನ್ನೊಬ್ಬರಿಗೆ ಹೊಂದಲ್ಲ. ಅವರನ್ನೇ ಕೇಳಬೇಕು. ಮಾತು ಬರದಿದ್ರೆ ಅವರ ಕೈ, ಕಣ್ಣು, ಮನೆಯವರಿಂದ ತಿಳ್ಕೊಬೇಕು.

ಫೋಟೋ 6: ಅರಸೀಕೆರೆ ಜಂಕ್ಷನ್
ನನ್ನ ವಾಕ್ಯ ಇಲ್ಲಿದೆ: "ನಂಗೆ ಎಲ್ಲ ಸದ್ದೂ ಒಂದೇ ಜೋರಲ್ಲಿ ಕೇಳ್ಸುತ್ತೆ. ಮೂರು ಭಾಷೆಯ ಅನೌನ್ಸ್‌ಮೆಂಟ್, ಎಂಜಿನ್, ಟೀ ಮಾರೋರು, ನೀನು, ಎಲ್ಲ ಒಟ್ಟಿಗೆ. ಆಗ ಉತ್ತರ ಬರಲಿಲ್ಲ ಅಂದ್ರೆ ಕೋಪ ಅಲ್ಲ. ಪ್ಲಾಟ್‌ಫಾರ್ಮಿನ ಕೊನೆಗೆ ಹೋಗೋಣ, ಅಲ್ಲಿ ಕೇಳು." ಇದನ್ನ ಒಬ್ಬ ಕ್ಲಾಸ್‌ಮೇಟ್‌ಗೆ ಹೇಳಿದ ಮೇಲೆ ಅವಳು ನನ್ನ "ಮೂಡಿ" ಅನ್ನೋದು ನಿಲ್ಸಿದಳು. ಈಗ ಅವಳೇ ಪ್ಲಾಟ್‌ಫಾರ್ಮಿನ ಕೊನೆ ಕಡೆಗೆ ಮೊದಲು ನಡೀತಾಳೆ.

"ಹಾಗಾದ್ರೆ ಆಟಿಸಂ ಅನ್ನೋ ಹೆಸರೇ ಬೇಡವಾ?" ಬೇಕು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ವೈಕಲ್ಯಗಳಿವೆ, ಆಟಿಸಂ ಅದರಲ್ಲಿ ಒಂದು. ವೈಕಲ್ಯ ಶೇ 40 ಅಥವಾ ಹೆಚ್ಚು ಅಂತ ಪ್ರಮಾಣಪತ್ರ ಇದ್ರೆ ಸರ್ಕಾರಿ ಮತ್ತು ಅನುದಾನಿತ ಕಾಲೇಜುಗಳಲ್ಲಿ ಶೇ 5 ಮೀಸಲಾತಿ ಇದೆ. ಆ ಕಾಗದದಲ್ಲಿ ಹೆಸರೇ ಇರಬೇಕು, ವಾಕ್ಯ ನಡೆಯಲ್ಲ. "ಅಕ್ಕನ ಮದುವೆ ಆಗ್ಲಿ, ಆಮೇಲೆ ನೋಡೋಣ" ಅಂತ ಎಷ್ಟೋ ಮನೆಗಳಲ್ಲಿ ಆ ಕಾಗದ ಮಾಡ್ಸೋದೇ ಇಲ್ಲ. ಹೆಸರಿಗೆ ಹೆದರಿ ಮಕ್ಕಳು ವರ್ಷಗಳನ್ನ ಕಳ್ಕೊತಾರೆ. ಆಫೀಸಿಗೆ ಹೆಸರು, ಮನುಷ್ಯರಿಗೆ ವಾಕ್ಯ. ಎರಡೂ ಇರಲಿ. ಜನರ ಬಾಯಲ್ಲಿ ವಾಕ್ಯ ಸಲೀಸಾದಷ್ಟೂ ಹೆಸರಿನ ಭಯ ಕಡಿಮೆ ಆಗುತ್ತೆ ಅನ್ನೋದು ನನ್ನ ನಂಬಿಕೆ.

ಮುಂದಿನ ಸಲ ಯಾರಾದ್ರೂ "ಅವ್ಳು ಒಂಥರಾ" ಅಂದಾಗ ಜಗಳ ಮಾಡಬೇಡಿ, ಪಾಠನೂ ಮಾಡಬೇಡಿ. "ಯಾವ ಥರ?" ಅಂತ ಮಾತ್ರ ಕೇಳಿ. ಉತ್ತರ ಹುಡುಕೋಕೆ ಅವರು ಅವಳ ಕಡೆ ಸರಿಯಾಗಿ ತಿರುಗಿ ನೋಡಲೇಬೇಕಾಗುತ್ತೆ.

ಆಟಿಸಂ ಇರಲಿ ಇಲ್ಲದಿರಲಿ, ನಿಮ್ಮ ವಾಕ್ಯ ಏನು? ಏನಾಗುತ್ತೆ, ಯಾವಾಗ ಕಷ್ಟ, ನಾವೇನು ಮಾಡಬೇಕು. ಕಾಮೆಂಟಲ್ಲಿ ಬರೀರಿ, ಎಲ್ಲ ಓದ್ತೀನಿ. ಉತ್ತರ ಸ್ವಲ್ಪ ತಡವಾಗಬಹುದು, ಅದೂ ನನ್ನ ಥರನೇ 🙂

#ಒಂಥರಾ #ಯಾವಥರ #ಆಟಿಸಂ #ಅರಸೀಕೆರೆ #ಹಳೇಬೀಡು #ಬೇಲೂರು